ಅಜ್ಜನ ಫೋಟೋ ಎಲ್ಲಾ ನೀಲಿ ಆಗಿದೆ, ಸರಿ ಮಾಡ್ಬಹುದಾ?

ಪ್ರಶ್ನೆ: ಸರ್, ನಮ್ಮದು ಸಾಗರದ ಹತ್ರ ಹಳ್ಳಿ. ಅಡಿಕೆ ಕೊನೆ (ಗೊನೆ) ಕೊಯ್ಲಿನ ಟೈಮಲ್ಲಿ ರಾತ್ರಿ ಎಲ್ರೂ ಅಡಿಕೆ ಸುಲೀತಾ ಕೂತಿದ್ದನ್ನ ಹಳದಿ ಬಲ್ಬ್ ಬೆಳಕಲ್ಲಿ ಫೋಟೋ ತೆಗ್ದೆ, ಅದಕ್ಕೆ ವೈಟ್ ಬ್ಯಾಲೆನ್ಸನ್ನ (ಯಾವ ಬೆಳಕು ಅಂತ ಕ್ಯಾಮೆರಾಗೆ ಹೇಳೋ ಸೆಟ್ಟಿಂಗ್) ಬಲ್ಬಿನ ಗುರುತಿಗೆ ಇಟ್ಟು, ಕಮ್ಮಿ ಬೆಳಕಲ್ಲೂ ಫೋಟೋ ಬರ್ಲಿ ಅಂತ ಐಎಸ್‌ಒ 3200 ಮಾಡಿದ್ದೆ. ಬೆಳಿಗ್ಗೆ ಅದನ್ನ ಬದಲಾಯಿಸೋದು ಮರ್ತು ಹಾಗೇ ತೋಟಕ್ಕೆ ಹೋಗಿ ಅಜ್ಜಂದು ಸುಮಾರು 140 ಫೋಟೋ ತೆಗೆದಿದೀನಿ, ಅಜ್ಜನ ಮುಖ, ಪಂಚೆ, ಮರ ಎಲ್ಲ ನೀಲಿ. ಅಜ್ಜಂಗೆ ಮಂಡಿ ನೋವು, ಮುಂದಿನ ವರ್ಷ ತೋಟಕ್ಕೆ ಇಳೀತಾರೋ ಇಲ್ವೋ. ಏನಾದ್ರೂ ಮಾಡ್ಬಹುದಾ?

ಉತ್ತರ: ಖಂಡಿತ ಮಾಡ್ಬಹುದು, ಒಂದನ್ನೂ ಡಿಲೀಟ್ ಮಾಡ್ಬೇಡಿ. ಮೊದ್ಲು ಎಲ್ಲ ಫೈಲನ್ನೂ ಕಂಪ್ಯೂಟರಿಗೆ ಹಾಕಿ, ಇನ್ನೊಂದು ಕಾಪಿ ಪೆನ್‌ಡ್ರೈವಲ್ಲಿ ಇಡಿ, ತಿದ್ದೋದೆಲ್ಲ ಬೇರೆ ಹೆಸರಲ್ಲೇ ಸೇವ್ ಆಗ್ಲಿ. ಆಮೇಲೆ ಫೈಲ್ ಹೆಸರಿನ ಬಾಲ ನೋಡಿ, ಎನ್‌ಇಎಫ್, ಸಿಆರ್2, ಎಆರ್‌ಡಬ್ಲ್ಯೂ ಅಂತೇನಾದ್ರೂ ಇದ್ರೆ ಅದು ರಾ ಫೈಲು, ಅಂದ್ರೆ ಕ್ಯಾಮೆರಾ ಬಣ್ಣ ತಿದ್ದದೆ ಇಟ್ಟ ಕಚ್ಚಾ ಫೈಲು, ಮುಕ್ಕಾಲು ಕೆಲಸ ಮುಗಿದ ಹಾಗೆ. ಅದ್ರಲ್ಲಿ ವೈಟ್ ಬ್ಯಾಲೆನ್ಸ್ ಅನ್ನೋದು ಬರೀ ಒಂದು ಗುರುತು, ಡಾರ್ಕ್‌ಟೇಬಲ್ ಅಥವಾ ರಾ ಥೆರಪಿ ಅನ್ನೋ ಸಾಫ್ಟ್‌ವೇರಲ್ಲಿ ತೆರೆದು ಡೇಲೈಟ್ (ಹಗಲಿನ ಬೆಳಕು) ಮಾಡಿದ್ರೆ ನೀಲಿ ಹೋಯ್ತು, ಎರಡೂ ಫ್ರೀ.

ಜೆಪೆಗ್ (ಕ್ಯಾಮೆರಾನೇ ಬಣ್ಣ ಹಾಕಿ ಮುಗಿಸಿದ ಫೈಲು) ಮಾತ್ರ ಇದ್ರೆ ಸ್ವಲ್ಪ ತಾಳ್ಮೆ ಬೇಕು. ಹಳದಿ ಬಲ್ಬಿನ ಬೆಳಕು ಬೆಳಕಿನ ಬಣ್ಣ ಅಳೆಯೋ ಲೆಕ್ಕದಲ್ಲಿ 3000 ಕೆಲ್ವಿನ್ ಆಸುಪಾಸು, ಹಗಲಿನ ಬೆಳಕು 5500 ಹತ್ರ, ಬಲ್ಬೇ ಉರೀತಿದೆ ಅಂದ್ಕೊಂಡ ಕ್ಯಾಮೆರಾ ನೀಲಿನ ಎತ್ತಿ ಕೆಂಪನ್ನ ಇಳಿಸಿ ಒಂದೊಂದು ಬಣ್ಣಕ್ಕೂ 256 ಮೆಟ್ಟಿಲಷ್ಟೇ ಕೊಟ್ಟು ಬರೆದುಬಿಟ್ಟಿರುತ್ತೆ. ಕೆಂಪು ತೆಳು ಆಗಿದ್ರೂ ಇದೆ, ಎತ್ಬಹುದು. ಬಿಸಿಲು ಬಿದ್ದ ಪಂಚೆ, ಮರದ ಸಂದಿಯ ಆಕಾಶ, ಅಲ್ಲಿ ನೀಲಿ ಕೊನೇ ಮೆಟ್ಟಿಲು 255 ಮುಟ್ಟಿದ್ರೆ ಆ ವಿವರ ಮಾತ್ರ ವಾಪಸ್ ಬರಲ್ಲ.

ಜಿಂಪ್‌ನಲ್ಲಿ (ಇದೂ ಫೋಟೋ ತಿದ್ದೋ ಸಾಫ್ಟ್‌ವೇರು) ಲೆವೆಲ್ಸ್ ಅನ್ನೋ ಕಿಟಕಿ ತೆರೆದ್ರೆ ಬೂದು ಬಣ್ಣ ತೋರಿಸೋಕೆ ಒಂದು ಡ್ರಾಪರ್ ಇದೆ, ಅದನ್ನ ಎಲ್ಲಿ ಒತ್ತುತೀರಿ ಅನ್ನೋದ್ರಲ್ಲೇ ಎಲ್ಲ ಇದೆ. ಪಂಚೆ ಮೇಲೆ ಒತ್ತೋಕೆ ಹೋಗ್ಬೇಡಿ, ನಮ್ಮ ಕಡೆ ಪಂಚೆಗೆ ನೀಲಿ ಹಾಕಿ ಒಗೀತಾರಲ್ಲ, ಅದನ್ನ ಬಿಳಿ ಅಂತ ನಂಬಿದ್ರೆ ಅಜ್ಜನ ಮುಖಕ್ಕೆ ಅರಿಶಿನ ಹಚ್ಚಿದ ಹಾಗೆ ಆಗುತ್ತೆ. ಅಡಿಕೆ ಮರದ ಕಾಂಡದಲ್ಲಿ ಬೂದು ಬಣ್ಣದ ಮಚ್ಚೆ ಇರುತ್ತೆ ನೋಡಿ, ಪಾಚಿ ಹಸಿರಿಲ್ಲದ ಜಾಗ, ಅಜ್ಜ ನಿಂತಿರೋ ನೆರಳಲ್ಲೇ ಇರೋ ಅಂಥ ಒಂದು ಮಚ್ಚೆ ಹುಡುಕಿ ಒತ್ತಿ. ಪೂರ್ತಿ ನೀಲಿ ತೆಗೀಬೇಡಿ, ಬೆಳಗಿನ ತೋಟದ ನೆರಳಿಗೆ ತಂಪು ಬಣ್ಣ ಸಹಜವಾಗೇ ಇರುತ್ತೆ. ಒಂದು ಸರಿ ಬಂದ್ಮೇಲೆ ಅದೇ ಬೆಳಕಿನ ಉಳಿದ ಫೋಟೋಗೂ ಅದೇ ತಿದ್ದುಪಡಿ ಹಾಕಿ, ಬಿಸಿಲು ಏರಿದ ಮೇಲಿನವು ಬೇರೆ ಗುಂಪು.

ಐಎಸ್‌ಒ 3200ರ ಕಾಳು ಕಾಳಾಗಿ ಕಾಣೋ ಚುಕ್ಕೆನ ಜಾಸ್ತಿ ಉಜ್ಜಿ ನುಣುಪು ಮಾಡ್ಬೇಡಿ ದಯವಿಟ್ಟು, ಅಜ್ಜನ ಮುಖದ ಸುಕ್ಕೂ ಅದ್ರ ಜೊತೆಗೇ ಹೋಗಿಬಿಡುತ್ತೆ. ಬಣ್ಣ ಕೂರದೇ ಹೋದವನ್ನ ಕಪ್ಪು ಬಿಳುಪು ಮಾಡಿ, ಚಾನೆಲ್ ಮಿಕ್ಸರಲ್ಲಿ (ಒಂದೊಂದು ಬಣ್ಣ ಎಷ್ಟು ಸೇರ್ಬೇಕು ಅಂತ ಹೇಳೋ ಜಾಗ) ಹಸಿರನ್ನ ಜಾಸ್ತಿ ಇಟ್ಟು ನೀಲಿನ ಸೊನ್ನೆ ಮಾಡಿದ್ರೆ ಮುಖ ಚೆನ್ನಾಗಿ ಬರುತ್ತೆ.

ಪ್ರಶ್ನೆ: ಜೋಗದಲ್ಲಿ ಅಮ್ಮನ ಫೋಟೋ ತೆಗೆವಾಗ ಶಟರ್ 1/15 ಸೆಕೆಂಡಲ್ಲೇ ಇತ್ತು, ನೀರು ಚೆನ್ನಾಗಿ ಬಂದಿದೆ, ಅಮ್ಮ ಅಲ್ಲಾಡಿದಾರೆ. ದಾರಿ ಇದ್ಯಾ?

ಉತ್ತರ: ಇಲ್ಲ. ಬಣ್ಣ ತಪ್ಪಿದ್ರೆ ತಿದ್ಬಹುದು, ಅಲ್ಲಾಡಿದ ಮುಖ ಆಗಲ್ಲ. ಮೊಬೈಲ್ ಆ್ಯಪ್ ಶಾರ್ಪ್ ಮಾಡಿ ಕೊಡೋ ಕಣ್ಣು ಅದು ಊಹೆ ಮಾಡಿ ಬರೆದಿದ್ದು, ನಿಮ್ಮಮ್ಮನ ಕಣ್ಣಲ್ಲ. ಹಾಗೇ ಚಿಕ್ಕ ಸೈಜಲ್ಲಿ ಪ್ರಿಂಟ್ ಹಾಕಿಸಿ, ಅಷ್ಟಾಗಿ ಕಾಣಲ್ಲ. ಮಳೆ ಇನ್ನೂ ಇದ್ರೆ ಅಮ್ಮನ್ನ ಇನ್ನೊಂದ್ಸಲ ಕರ್ಕೊಂಡು ಹೋಗಿ, ಶಟರ್ 1/250 ಇಡಿ.