ಟೆಂಪೊ ಟ್ರಾವೆಲರ್ ಒಳಗೆ ಹಾಲ್ ಮಾಡೋದು ಹೇಗೆ, ಟಿವಿ ಎಲ್ಲಿಗೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಮಂಡ್ಯ ಹತ್ತಿರದ ಹಳ್ಳಿ. ಬಾಡಿಗೆಗೆ ಓಡಿಸುತ್ತಿದ್ದ ಹಳೇ ಟೆಂಪೊ ಟ್ರಾವೆಲರ್ ಒಂದಿದೆ, ಅದನ್ನೇ ಕ್ಯಾರವಾನ್ ಮಾಡಿಕೊಂಡು ಮಕ್ಕಳಿಗೆ ರಜ ಬಂದಾಗ ಊಟಿ, ವಯನಾಡು ಅಂತ ಸುತ್ತುವ ಆಸೆ. ಸೀಟೆಲ್ಲ ಬಿಚ್ಚಿಸಿ ಅಳೆದಿದ್ದೇನೆ. ಡ್ರೈವರ್ ಕ್ಯಾಬಿನ್ ಹಿಂದೆ ಉದ್ದ 14 ಅಡಿ, ಅಗಲ 5 ಅಡಿ 9 ಇಂಚು. ಕ್ಯಾಬಿನ್‌ಗೆ ಅಡ್ಡ ಪಾರ್ಟಿಷನ್ ಇದೆ, ಬಾಗಿಲು ಎಡಗಡೆ, ಪಾರ್ಟಿಷನ್ ಪಕ್ಕದಲ್ಲೇ. ನಾವು ಐದು ಜನ: ನಾನು, ಹೆಂಡತಿ, ಅವ್ವ, ಮಗ, ಮಗಳು. ಹೆಂಡತಿಗೆ ಎಲ್ ಆಕಾರದ ಸೋಫಾ ಬೇಕಂತೆ. ನನಗೆ ಎದುರುಬದುರು ಸೀಟು, ಮಧ್ಯೆ ಟೇಬಲ್ ಇರಲಿ ಅಂತ. ಮಗನಿಗೆ ಕ್ರಿಕೆಟ್ ನೋಡೋಕೆ 43 ಇಂಚಿನ ಟಿವಿ. ಅವ್ವನಿಗೆ ಸಂಜೆ ಧಾರಾವಾಹಿ ತಪ್ಪಬಾರದು, ಅದೂ ಮಲಗಿಕೊಂಡೇ ನೋಡಬೇಕು. ಟಿವಿ ಪಾಯಿಂಟ್ ಎಲ್ಲಿ ಕೊಡಲಿ ಅಂತ ಬಾಡಿ ಕೆಲಸದವರು ದಿನಾ ಫೋನ್ ಮಾಡುತ್ತಿದ್ದಾರೆ. ಏನು ಹೇಳಲಿ?
— ಓದುಗರು, ಮಂಡ್ಯ

ಉತ್ತರ: ಬಾಡಿ ಕೆಲಸದವರಿಗೆ ಒಂದು ವಾರ ಸುಮ್ನೆ ಇರಿ ಅಂತ ಹೇಳಿ. ಟಿವಿ ಪಾಯಿಂಟ್ ಕೊಟ್ಟು ಆಮೇಲೆ ಸೀಟು ಕೂರಿಸಿದರೆ, ಟಿವಿ ಇರುವ ಕಡೆ ಯಾರ ಮುಖವೂ ಇರುವುದಿಲ್ಲ. ನಾನು ಹೇಳಿ ಮಾಡಿಸಿದ ಮೊದಲ ಗಾಡಿಯಲ್ಲಿ ಇದೇ ಆಗಿದ್ದು. ಮೊದಲು ಯಾರು ಎಲ್ಲಿ ಕೂರುತ್ತಾರೆ, ಯಾವ ಕಡೆ ಮುಖ ಮಾಡಿ ಕೂರುತ್ತಾರೆ, ಎಲ್ಲಿ ಮಲಗುತ್ತಾರೆ ಅನ್ನೋದು ತೀರ್ಮಾನವಾಗಲಿ. ಟಿವಿ ಕೊನೆಗೆ.

ಎಲ್ ಸೋಫಾ ನೋಡೋಕೆ ಚೆಂದ, ಒಪ್ಪುತ್ತೇನೆ. ಆದರೆ ಅದರ ಒಂದು ಭಾಗ ಅಡ್ಡ ಸೀಟಾಗುತ್ತೆ ಅಲ್ವಾ? ಗಾಡಿ ಓಡುವಾಗ ಅಡ್ಡ ಕೂತವರಿಗೆ ಬ್ರೇಕ್ ಬಿದ್ದರೆ ಹಿಡಿತವೇ ಇರುವುದಿಲ್ಲ, ಅಲ್ಲಿ ಬೆಲ್ಟ್ ಹಾಕಿದರೂ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ನೀವು ಓಡಿಸುತ್ತೀರಿ, ಪಕ್ಕದಲ್ಲಿ ನಿಮ್ಮ ಮನೆಯವರು, ಹಿಂದೆ ಅವ್ವ ಮತ್ತು ಇಬ್ಬರು ಮಕ್ಕಳು. ಆ ಮೂವರಿಗೂ ಬೆಲ್ಟ್ ಇರುವ ನೇರ ಸೀಟು ಬೇಕೇ ಬೇಕು. ಅದಕ್ಕೆ ಈ ವಿಷಯದಲ್ಲಿ ನಾನು ನಿಮ್ಮ ಕಡೆ, ಎದುರುಬದುರು ಸೀಟೇ ಸರಿ. ಮನೆಯವರಿಗೆ ನಾನು ಹೇಳಿದೆ ಅಂತ ಮಾತ್ರ ಹೇಳಬೇಡಿ.

ಈಗ ಲೆಕ್ಕಕ್ಕೆ ಬರೋಣ. ಬಲಗಡೆ, ಡ್ರೈವರ್ ಬೆನ್ನಿಗೆ, ಪಾರ್ಟಿಷನ್‌ಗೆ ಒರಗಿಸಿ ಒಂದು ಸೀಟು, 20 ಇಂಚು ಆಳ. ಟೇಬಲ್ ಜಾಗ 24 ಇಂಚು. ಆಮೇಲೆ ಮುಂದಕ್ಕೆ ಮುಖ ಮಾಡಿದ ಸೀಟು ಇನ್ನೊಂದು 20. ಒಟ್ಟು 64 ಇಂಚು. ಸೀಟಿನ ಅಗಲ 36 ಇಂಚು ಇಟ್ಟರೆ ಇಬ್ಬರು ಆರಾಮಾಗಿ ಕೂರಬಹುದು. ಮುಂದಕ್ಕೆ ನೋಡುವ ಸೀಟಿನಲ್ಲಿ ಅವ್ವ ಮತ್ತು ಮಗಳು, ಎದುರಿಗೆ ಮಗ. ಅವನ ಸೀಟಿಗೆ ತಲೆಯ ತನಕ ಎತ್ತರದ ಒರಗು ಇರಲಿ. ರಾತ್ರಿ ಟೇಬಲ್ ಇಳಿಸಿ ಮೇಲೆ ಕುಶನ್ ಹಾಸಿದರೆ 5 ಅಡಿ 4 ಇಂಚಿನ ಹಾಸಿಗೆ, ಮಕ್ಕಳಿಗೆ ಸಾಕು. ಹಿಂದುಗಡೆ ಪೂರ್ತಿ ಅಗಲಕ್ಕೆ 6 ಅಡಿಯ ಮಂಚ, ದೊಡ್ಡವರು ಮೂರು ಜನಕ್ಕೆ. ಮಧ್ಯೆ ಬಲಗಡೆ 32 ಇಂಚು ಉಳಿಯುತ್ತೆ, ಅಲ್ಲಿ ಬೀರು. ಎಡಗಡೆ ಬಾಗಿಲು ಬಿಟ್ಟು ಹಿಂದಕ್ಕೆ 18 ಇಂಚು ಅಗಲದ ಅಡುಗೆ ಕಟ್ಟೆ. ಓಡಾಡೋಕೆ ಉಳಿಯೋದು 15 ಇಂಚು ಮಾತ್ರ, ಅಂದರೆ ಒಬ್ಬರು ಒಗ್ಗರಣೆ ಹಾಕುತ್ತಿದ್ದರೆ ಇನ್ನೊಬ್ಬರು ಕೂತೇ ಇರಬೇಕು. ಅದಕ್ಕೆ ಬೇರೆ ದಾರಿ ಇಲ್ಲ.

ಈ ಜೋಡಣೆಯಲ್ಲಿ ಟಿವಿಗೆ ಒಂದೇ ಒಳ್ಳೇ ಜಾಗ: ಪಾರ್ಟಿಷನ್ ಮೇಲೆ, ಎಡ ಅರ್ಧದಲ್ಲಿ, ಬಾಗಿಲ ಮೆಟ್ಟಿಲ ಪಕ್ಕ. ಬಲ ಅರ್ಧದಲ್ಲಿ ಹಾಕಿದರೆ ಮಗನ ತಲೆ ಅಡ್ಡ ಬರುತ್ತೆ, ತಲೆ ತಪ್ಪಿಸೋಕೆ ಅಂತ ಮೇಲಕ್ಕೆ ಹಾಕಿದರೆ ಎಲ್ಲರ ಕತ್ತೂ ಮೇಲಕ್ಕೆ. ಎಡಗಡೆ ಆದರೆ ಆ ತೊಂದರೆ ಇಲ್ಲ. ಪರದೆ ಹಿಂದಕ್ಕೆ ನೋಡುವುದರಿಂದ ಓಡಿಸುವ ನಿಮಗೂ ಕಾಣುವುದಿಲ್ಲ, ಇದು ಮುಖ್ಯ. ಮುಂದಕ್ಕೆ ಮುಖ ಮಾಡಿ ಕೂತವರ ಕಣ್ಣಿನಿಂದ ಟಿವಿಗೆ ಹೆಚ್ಚುಕಮ್ಮಿ ನಾಲ್ಕೂವರೆ ಅಡಿ. ಆ ದೂರಕ್ಕೆ 32 ಇಂಚು ಸರಿಯಾಗಿ ಹೊಂದುತ್ತೆ. 43 ಇಂಚಿನ ಟಿವಿ ಅಗಲವೇ ಮೂರಡಿ ದಾಟುತ್ತೆ, ನಿಮ್ಮ ಗೋಡೆಯಲ್ಲಿ ಅರ್ಧಕ್ಕಿಂತ ಜಾಸ್ತಿ, ಹತ್ತಿರದಿಂದ ನೋಡಿದರೆ ಬಾಲ್ ಹಿಂದೆ ತಲೆ ತಿರುಗಿಸುತ್ತಾ ಕೂರಬೇಕು. ಮಗನಿಗೆ 32 ಇಂಚಿನ ರಟ್ಟು ಕತ್ತರಿಸಿ ಅಷ್ಟೇ ದೂರದಲ್ಲಿ ಹಿಡಿದು ತೋರಿಸಿ, ಒಪ್ಪಿಕೊಳ್ಳುತ್ತಾನೆ.

ಅವ್ವ ಮಂಚದ ಮೇಲೆ ಹಿಂದಕ್ಕೆ ಒರಗಿ ಕೂತರೆ ಟಿವಿ ಹನ್ನೆರಡು ಹದಿಮೂರು ಅಡಿ ದೂರ. ಕ್ರಿಕೆಟ್ ಸ್ಕೋರ್ ಓದೋಕೆ ಕಷ್ಟ, ಆದರೆ ಧಾರಾವಾಹಿಗೆ ತೊಂದರೆ ಇಲ್ಲ, ಹೇಗೂ ಅದರಲ್ಲಿ ಮುಖಾನೇ ಜಾಸ್ತಿ ತೋರಿಸ್ತಾರೆ. ಅವರಿಗೆ ಮಂಚದ ಎಡಗಡೆ ಕೊಡಿ. ಅಡುಗೆ ಕಟ್ಟೆ ತಗ್ಗಾಗಿರುವುದರಿಂದ ಎಡ ಸಾಲಿನಲ್ಲಿ ನೋಟಕ್ಕೆ ಅಡ್ಡ ಏನೂ ಬರುವುದಿಲ್ಲ. ಕಟ್ಟೆ ಮೇಲೆ ಕಪಾಟು ಮಾಡಿಸಿ ಅಂತ ಯಾರಾದರೂ ಹೇಳಿದರೆ ಅದು ಆಳ ಕಮ್ಮಿ ಇರಲಿ, ಇಲ್ಲದಿದ್ದರೆ ಅವ್ವನಿಗೆ ಅರ್ಧ ಪರದೆ ಮಾತ್ರ.

ಎತ್ತರ ಹೇಗೆ? ಸೀಟು ನೆಲದಿಂದ 17 ಇಂಚು ಇದ್ದರೆ ಕೂತವರ ಕಣ್ಣು ಸುಮಾರು 45 ಇಂಚಿನಲ್ಲಿ ಬರುತ್ತೆ. ಪರದೆಯ ಮಧ್ಯಭಾಗ ಅಲ್ಲಿಗೇ, ಬೇಕಾದರೆ ಮೂರ್ನಾಲ್ಕು ಇಂಚು ಮೇಲೆ. ಮಡಚುವ ತೋಳಿನ ಬ್ರಾಕೆಟ್ ತೊಗೊಳ್ಳಿ. ನೋಡುವಾಗ ಸೀಟಿನ ಕಡೆ ತಿರುಗಿಸಬಹುದು, ಓಡುವಾಗ ಗೋಡೆಗೆ ಮಡಚಿ ಲಾಕ್ ಮಾಡಬಹುದು. ಲಾಕ್ ಇಲ್ಲದ್ದು ಎಷ್ಟೇ ಅಗ್ಗ ಇದ್ದರೂ ಬೇಡ. ನನ್ನ ಆ ಮೊದಲ ಗಾಡಿಗೆ ಒಂದು ಗ್ಯಾರೇಜಿನವರು ತೆಳು ಪ್ಲೈವುಡ್‌ಗೆ ಮರದ ಸ್ಕ್ರೂ ಹೊಡೆದು ಟಿವಿ ನೇತುಹಾಕಿ ಕಳಿಸಿದ್ದರು. ತಲಕಾಡಿಗೆ ಹೋಗುವಾಗ ಒಂದೂರಿನ ಮುಂದೆ ಹಂಪ್ ಹಾರಿಸಿದೆ ನೋಡಿ, ಹಿಂದಿನಿಂದ ಶಬ್ದ. ನಿಲ್ಲಿಸಿ ನೋಡಿದರೆ ಟಿವಿ ವೈರ್ ಹಿಡಿದುಕೊಂಡು ಬಾವಲಿ ಥರ ತೂಗಾಡುತ್ತಿತ್ತು. ನಿಮ್ಮವರಿಗೆ ಹೇಳಿ, ಪಾರ್ಟಿಷನ್ ಒಳಗಿನ ಕಬ್ಬಿಣದ ಚೌಕಟ್ಟಿಗೆ ಒಂದು ಪಟ್ಟಿ ವೆಲ್ಡ್ ಮಾಡಿ ಅದಕ್ಕೆ ಬೋಲ್ಟ್ ಹಾಕಲಿ. ಕಳಚಿಕೊಳ್ಳದ ನಟ್ ಹಾಕಲಿ. ಪ್ರತಿ ಪ್ರವಾಸಕ್ಕೂ ಮುಂಚೆ ಒಂದು ಸಲ ಸ್ಪ್ಯಾನರ್ ಹಿಡಿದು ನೋಡಿ.

ಕರೆಂಟ್ ವಿಚಾರ ಚಿಕ್ಕದಾಗಿ. 32 ಇಂಚಿನ ಎಲ್‌ಇಡಿ ಸುಮಾರು 50 ವಾಟ್ ಎಳೆಯುತ್ತೆ ಅಂದುಕೊಳ್ಳಿ, ಮೂರು ಗಂಟೆಗೆ 150 ವಾಟ್ ಅವರ್. ಮನೆಗೆ ಹಾಕುವಂಥ 12 ವೋಲ್ಟಿನ 100 ಎಎಚ್ (ಆಂಪಿಯರ್ ಅವರ್) ಬ್ಯಾಟರಿಯಲ್ಲಿ 12 ಗುಣಿಸು 100, ಅಂದರೆ 1200 ವಾಟ್ ಅವರ್ ಇರುತ್ತೆ; ಅರ್ಧ ಮಾತ್ರ ಬಳಸಿದರೂ 600 ವಾಟ್ ಅವರ್ ಸಿಗುತ್ತೆ, ಇನ್ವರ್ಟರ್ ತಿನ್ನೋದು ಸ್ವಲ್ಪ ಕಳೆದರೂ ಫ್ಯಾನ್, ಲೈಟಿಗೆ ಉಳಿಯುತ್ತೆ. ಆದರೆ ಗಾಡಿ ಸ್ಟಾರ್ಟ್ ಮಾಡುವ ಬ್ಯಾಟರಿಗೆ ಮಾತ್ರ ಟಿವಿ ಕೊಡಬೇಡಿ. ಊಟಿಗೆ ಹೊರಟು ಗುಂಡ್ಲುಪೇಟೆ ತಲುಪೋದು ತಡವಾಯಿತು ಅಂದುಕೊಳ್ಳಿ, ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. ಅಲ್ಲೇ ಉಳಿದು ರಾತ್ರಿ ಎಲ್ಲ ಟಿವಿ ನೋಡಿ ಬೆಳಗ್ಗೆ ತಳ್ಳೋಕೆ ಜನ ಹುಡುಕುವ ಹಾಗಾಗಬಾರದು.

ಬಲಗಡೆ ದೊಡ್ಡ ಕಿಟಕಿಯನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಿಸಬೇಡಿ. ಕೆಆರ್‌ಎಸ್ ಹಿನ್ನೀರಿನ ಹತ್ತಿರ ನಿಲ್ಲಿಸಿ ಟೇಬಲ್ ಮೇಲೆ ಮುದ್ದೆ ಬಿಸಿ ಇರುವಾಗ ಆ ಕಿಟಕಿ ಬೇಕು. ಮಂಚದ ಹಿಂದಿನ ಗಾಜಿಗೆ ದಪ್ಪ ಪರದೆ ಇರಲಿ, ಅದು ಟಿವಿಗೆ ಎದುರು, ಸಂಜೆ ಬಿಸಿಲು ಆ ಕಡೆಯಿಂದ ಬಂದರೆ ಟಿವಿಯಲ್ಲಿ ನಿಮ್ಮ ಮುಖವೇ ಕಾಣುತ್ತೆ.

ಇನ್ನೊಂದು. ಸೀಟು ಬಿಚ್ಚಿಸಿದ್ದೀರಿ ಸರಿ, ಆದರೆ ಆರ್‌ಸಿಯಲ್ಲಿರುವ ವಿವರಕ್ಕಿಂತ ಗಾಡಿ ಬೇರೆಯಾಗುವ ಹಾಗೆ ಮಾರ್ಪಾಡು ಮಾಡೋದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತೆ. ಕ್ಯಾರವಾನ್‌ಗೆ ಎಐಎಸ್ 124 ಅಂತ ಬೇರೆ ಮಾನದಂಡವೇ ಇದೆ. ಆರ್‌ಟಿಒ ಕಚೇರಿಗೆ ನಕ್ಷೆ ಸಮೇತ ಹೋಗಿ ಮಾತಾಡಿ, ಆಮೇಲೆ ವೆಲ್ಡಿಂಗ್. ಆ ನಕ್ಷೆ ಬರೆಯೋ ಮುಂಚೆ ನಿಮ್ಮ ಅಂಗಳದಲ್ಲಿ ಸೀಮೆಸುಣ್ಣದಿಂದ 14 ಅಡಿಯ ಗಾಡಿ ಬರೆದು, ಕುರ್ಚಿ ಇಟ್ಟು, ಐದೂ ಜನ ಒಂದು ಸಂಜೆ ಅದರೊಳಗೇ ಊಟ ಮಾಡಿ ನೋಡಿ. ಗೆರೆ ತುಳಿದವರು ಗೋಡೆಗೆ ಗುದ್ದಿದ ಲೆಕ್ಕ.

ಪ್ರಶ್ನೆ: ನಮ್ಮ ಗಾಡಿಯಲ್ಲಿ ಎರಡೂ ಕಡೆ ಉದ್ದ ಸೋಫಾ, ಟಿವಿ ಕ್ಯಾಬಿನ್ ಮೇಲೆ ಸೂರಿಗೆ ಹತ್ತಿಸಿದ್ದಾರೆ. ಅರ್ಧ ಗಂಟೆಗೆ ಕತ್ತು ಹಿಡಿಯುತ್ತೆ. ಇದರ ಜೊತೆ ಡಿಶ್ ಹಾಕಿಸಬೇಕೋ, ಮೊಬೈಲ್ ನೆಟ್ ಸಾಕೋ?
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಪಕ್ಕಕ್ಕೂ ತಿರುಗಬೇಕು, ಮೇಲಕ್ಕೂ ನೋಡಬೇಕು, ಕತ್ತು ಹಿಡಿಯದೆ ಇನ್ನೇನು. ಗೋಡೆ ಒಡೆಯೋದೇನೂ ಬೇಡ. ಸೂರಿನದನ್ನು ಬಿಚ್ಚಿ. 24 ಇಂಚಿನದೊಂದು ತಂದು ಒಂದು ಸೋಫಾದ ಎದುರಿನ ಗೋಡೆಗೆ, ಎರಡು ಕಿಟಕಿ ಮಧ್ಯೆ, ಕಣ್ಣಿನ ಮಟ್ಟಕ್ಕೆ ಹಾಕಿ. ಮೂರ್ನಾಲ್ಕು ಅಡಿಗೆ ಅದೇ ಧಾರಾಳ. ಎದುರು ಸೋಫಾದವರು ಆ ಹೊತ್ತಿಗೆ ಈ ಕಡೆ ಬಂದು ಕೂರಲಿ.

ಮೊಬೈಲ್ ಹಾಟ್‌ಸ್ಪಾಟ್ ಊರ ಹತ್ತಿರ ಸಾಕು. ಕಾಡಿನಂಚಿಗೆ, ಘಟ್ಟಕ್ಕೆ ಹೋದರೆ ನೆಟ್ ಕೈ ಕೊಡುತ್ತೆ. ಅಲ್ಲಿಗೆ ಸಣ್ಣ ಡಿಶ್, ಸ್ಟ್ಯಾಂಡು ಜೊತೆಗಿರಲಿ, ಸೂರಿಗೆ ಬಿಗಿಸಬೇಡಿ, ಯಾಕೆಂದರೆ ಗಾಡಿಯನ್ನು ನೆರಳಿಗೆ ನಿಲ್ಲಿಸುತ್ತೀರಿ, ಡಿಶ್‌ಗೆ ಬೇಕಾದ್ದು ಬಯಲು. ಡಿಡಿ ಫ್ರೀ ಡಿಶ್‌ಗೆ ತಿಂಗಳ ಬಾಡಿಗೆ ಇಲ್ಲ. ಅದರ ಉಪಗ್ರಹ 93.5 ಡಿಗ್ರಿ ಪೂರ್ವದಲ್ಲಿದೆ, ಮೈಸೂರಿನಿಂದ ನೋಡಿದರೆ ಆಗ್ನೇಯಕ್ಕೆ, ದಿಗಂತದಿಂದ ಸುಮಾರು 65 ಡಿಗ್ರಿ ಎತ್ತರದಲ್ಲಿ. ಅಡುಗೆಮನೆ ಮೂಲೆ ಅಂತೀವಲ್ಲ, ಆ ದಿಕ್ಕಿನಲ್ಲಿ ಮರದ ಕೊಂಬೆ ಇಲ್ಲದ ಕಡೆ ಸ್ಟ್ಯಾಂಡ್ ನಿಲ್ಲಿಸಿ, ಒಬ್ಬರು ಹೊರಗೆ ತಿರುಗಿಸಲಿ, ಒಬ್ಬರು ಒಳಗಿನಿಂದ ‘ಬಂತು, ಬಂತು, ಹೋಯ್ತು’ ಅಂತ ಕೂಗಲಿ.