ಮಂಜೇಶ್ವರದ ನಮ್ಮ ಮನೆಯಲ್ಲಿ ಒಂದು ಕೋಣೆ ಬಾಡಿಗೆಗೆ ಕೊಡಬೇಕು. ಬರುವವರ ಆಧಾರ್ ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ? ಕನ್ನಡ, ತುಳು ಮಾತಾಡುವ ನಮ್ಮವರಿಗೇ ಕೊಟ್ಟರೆ ಸಾಕಲ್ವಾ?

ಸಾಕಾಗುವುದಿಲ್ಲ. ನನಗೆ ನಾಮ ಹಾಕಿ ಹೋದವನು ನನಗಿಂತ ಚೆನ್ನಾಗಿ ತುಳು ಮಾತಾಡುತ್ತಿದ್ದ.

ನಮ್ಮದು ಕುಂಬಳೆ. ಗಂಡ ದುಬೈಯಲ್ಲಿ, ಮನೆಯಲ್ಲಿ ನಾನು, ಅತ್ತೆ, ಮಗಳು. ಮಹಡಿಯ ಕೋಣೆಗೆ ಹೊರಗಿನಿಂದಲೇ ಮೆಟ್ಟಿಲು ಇದೆ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿಯ ಆರು ಪಥದ ಕೆಲಸ ಜೋರಾಗಿದ್ದ ಕಾಲ ಅದು. ಸರ್ವೆಯವರು, ಸೂಪರ್‌ವೈಸರುಗಳು, ಎಲ್ಲರೂ ಕೋಣೆ ಹುಡುಕುವವರೇ. ನಾನೂ ಪೇಟೆಯ ಅಂಗಡಿಯಲ್ಲಿ ಹೇಳಿಟ್ಟಿದ್ದೆ.

ಒಂದು ಸಂಜೆ ಇವನು ಬಂದ. ಹೆದ್ದಾರಿ ಕೆಲಸದ ಸೂಪರ್‌ವೈಸರ್ ಅಂದ. ಊರು ವಿಟ್ಲ ಅಂದ. ಅತ್ತೆ ಬೆಲ್ಲ, ನೀರು ತಂದಿಟ್ಟರು. ಅವರ ಕೇಳುವಿಕೆ ಶುರುವಾಯಿತು. ವಿಟ್ಲದಲ್ಲಿ ಎಲ್ಲಿ? ಯಾರ ಮಗ? ಮಾತಿನ ಮಧ್ಯೆ ಜಾತ್ರೆಯ ವಿಷಯ ಬಂತು. "ಏಪ್ರಿಲ್‌ನಲ್ಲಿ ಜಾತ್ರೆಗೆ ಊರಿಗೆ ಹೋಗ್ತೇನೆ, ಆಗ ನಾಲ್ಕು ದಿನ ಇರುವುದಿಲ್ಲ" ಅಂದ. ಅವನು ಹೋದ ಮೇಲೆ ಅತ್ತೆ ಹೇಳಿದ್ದು ಇಷ್ಟೇ: "ಏಪ್ರಿಲ್‌ನಲ್ಲಿ ಆಗುವುದು ಪುತ್ತೂರು ಜಾತ್ರೆ. ವಿಟ್ಲದ್ದು ಜನವರಿಯಲ್ಲಿ. ವಿಟ್ಲದವನಿಗೆ ಅಷ್ಟೂ ಗೊತ್ತಿಲ್ವಾ?" ನಾನು ನಕ್ಕುಬಿಟ್ಟೆ. ಈಗಿನ ಹುಡುಗರಿಗೆ ಜಾತ್ರೆ ಎಲ್ಲಿ ನೆನಪಿರುತ್ತದೆ ಅಂದೆ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಅದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ನೀವು ಮಾಡಹೊರಟಿರುವುದೂ ಅದನ್ನೇ.

ಆಧಾರ್ ತೋರಿಸಿ ಅಂತ ನಾನು ಕೇಳಲಿಲ್ಲ. "ಆಧಾರ್ ವಾಟ್ಸ್ಯಾಪ್ ಮಾಡಿ" ಅಂದೆ. ಅದೂ ಬೀಗದ ಕೈ ಕೊಟ್ಟಾದ ಮೇಲೆ. ಬೆಲ್ಲ ನೀರು ಕೊಟ್ಟು ಕೂರಿಸಿದವನ ಹತ್ತಿರ ಕಾರ್ಡು ಕೇಳುವುದು ಹೇಗೆ ಅಂತ ಒಂದು ಮುಜುಗರ. ರಾತ್ರಿ ಚಿತ್ರ ಬಂತು. ಹೆಸರು ಸರಿ ಇತ್ತು, ವಿಳಾಸ ವಿಟ್ಲವೇ, ಅಕ್ಷರವೂ ಕನ್ನಡ. ಫೋಟೋ ಮಾತ್ರ ಮಸುಕು. ಆಧಾರ್ ಫೋಟೋದಲ್ಲಿ ಯಾರು ತಾನೇ ತಮ್ಮ ಹಾಗೆ ಕಾಣುತ್ತಾರೆ ಹೇಳಿ. ಚಿತ್ರ ಫೋನಿನಲ್ಲಿ ಉಳಿಯಿತು, ನನ್ನ ಕೆಲಸ ಮುಗಿಯಿತು ಅಂದುಕೊಂಡೆ. ಮೊದಲ ತಿಂಗಳ ಬಾಡಿಗೆ ಯುಪಿಐಯಲ್ಲಿ ಬಂದಾಗ ಕಳಿಸಿದವರ ಹೆಸರು ಬೇರೆ ಇತ್ತು. ಅಣ್ಣನ ಖಾತೆ ಅಂದ, ಹೂಂ ಅಂದೆ. ಆಫೀಸಿಗೆ ವಿಳಾಸದ ದಾಖಲೆ ಬೇಕು ಅಂದಾಗ ನಮ್ಮ ಕರೆಂಟ್ ಬಿಲ್ಲಿನ ಜೆರಾಕ್ಸನ್ನೂ ಕೊಟ್ಟೆ!

ಮೂರನೇ ತಿಂಗಳ ಬಾಡಿಗೆ ಬರುವ ಮೊದಲೇ ಅವನು ಮಾಯ. ಅದಾದ ಸ್ವಲ್ಪ ದಿನಕ್ಕೆ ಬೈಕಿನಲ್ಲಿ ಇಬ್ಬರು ಬಂದು ಗೇಟಿನ ಹತ್ತಿರ ನಿಂತರು. ಸಾಲ ವಸೂಲಿಯವರು. ಆ ಆಧಾರ್ ಮತ್ತು ನನ್ನ ಬಿಲ್ಲು ಇಟ್ಟು ಕಂತಿನ ಸಾಲದಲ್ಲಿ ಫೋನು ಕೊಂಡಿದ್ದಾನೆ. ಅವನು ಇಲ್ಲಿ ಇಲ್ಲ ಅಂದರೆ ಅವರು ನಂಬಬೇಕಲ್ಲ. ಅತ್ತೆಯ ಎದುರಿಗೇ ಜೋರು ಮಾಡಿದರು. ಆಮೇಲೂ ಬಂದರು, ಬೇರೆ ಬೇರೆ ಮುಖಗಳು.

ಠಾಣೆಗೆ ಹೋದೆ. ಮೊದಲ ಪ್ರಶ್ನೆಯೇ "ಒರಿಜಿನಲ್ ನೋಡಿದ್ದೀರಾ?" ಮುಂದಿನದು "ಬಾಡಿಗೆ ಕರಾರು ಉಂಟಾ?" ಎರಡೂ ಇಲ್ಲ. ಆಮೇಲೆ ತಿಳಿಯಿತು, ಆ ಆಧಾರ್ ಅಪ್ಪಟ ಅಸಲಿ. ಎಲ್ಲೋ ಕೆಲಸಕ್ಕೆ ಅರ್ಜಿ ಹಾಕುವಾಗ ಕಾರ್ಡಿನ ಪ್ರತಿ ಕೊಟ್ಟಿದ್ದ ಪಾಪದ ಹುಡುಗನೊಬ್ಬನದು. ಅವನ ಮನೆಗೂ ವಸೂಲಿಯವರು ಹೋಗಿದ್ದರು.

ಹಾಗಾಗಿ ಕಾರ್ಡು ಅಸಲಿಯಾ ಅಂತ ನೀವು ಕೇಳುವುದೇ ತಪ್ಪು ಮಾರಾಯ್ರೆ. ಎದುರಿಗೆ ನಿಂತವನದೇ ಕಾರ್ಡಾ, ಅದನ್ನು ನೋಡಿ. ಆಧಾರಿನ ಕ್ಯೂಆರ್ ಕೋಡಿನ ಒಳಗೆ ಹೆಸರು, ವಿಳಾಸದ ಜೊತೆ ಫೋಟೋ ಕೂಡ ಇರುತ್ತದೆ. ಆಧಾರ್ ಪ್ರಾಧಿಕಾರದ್ದೇ ಕ್ಯೂಆರ್ ಸ್ಕ್ಯಾನರ್ ಆ್ಯಪ್ ಇದೆ, ಅದರಲ್ಲೇ ಓದಿಸಿ. ಬೇರೆ ಸ್ಕ್ಯಾನರ್‌ನಲ್ಲಿ ಬರೀ ಉದ್ದದ ಅಂಕಿ ಬರುತ್ತದೆ. ವಾಟ್ಸ್ಯಾಪ್ ಚಿತ್ರ ಕುಗ್ಗಿರುತ್ತದೆ, ಕೋಡು ಎಷ್ಟೋ ಸಲ ಓದಿಸಿಕೊಳ್ಳುವುದೇ ಇಲ್ಲ. ಆದ್ದರಿಂದ ಕಾರ್ಡು ಕೈಯಲ್ಲಿರಬೇಕು, ಮನುಷ್ಯ ಮುಂದೆ ಇರಬೇಕು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಟ್ಟರೆ ತಕರಾರು ಮಾಡಬೇಡಿ, ಪೂರ್ತಿ ನಂಬರು ಇಟ್ಟುಕೊಂಡು ನಿಮಗೇನು ಲಾಭ? ಆಧಾರೇ ಬೇಕು ಅಂತ ಹಟವೂ ಬೇಡ. ಲೈಸೆನ್ಸ್ ಆದರೆ ಡಿಜಿಲಾಕರ್ ನಿಮ್ಮ ಮುಂದೆಯೇ ತೆರೆದು ತೋರಿಸಲಿ. ಸ್ಕ್ರೀನ್‌ಶಾಟ್ ಬೇಡ.

ಅಡ್ವಾನ್ಸು ಅವರ ಸ್ವಂತ ಖಾತೆಯಿಂದಲೇ ಬರಲಿ, ಹೆಸರು ತಾಳೆ ನೋಡಿ. ನನ್ನ ದೂರಿಗೆ ಕೊನೆಗೆ ಜೀವ ಬಂದದ್ದು ಆ "ಅಣ್ಣನ" ಹೆಸರಿನಿಂದಲೇ. ಕರಾರು ಬರೆಸಿ, ಅದರ ಪ್ರತಿ ಠಾಣೆಯಲ್ಲಿ ಕೊಟ್ಟು ಬನ್ನಿ. ಕರೆಂಟ್ ಬಿಲ್ಲನ್ನು ಮಾತ್ರ ಯಾರ ಕೈಗೂ ಕೊಡಬೇಡಿ. ಬೇಕಾದರೆ ಕರಾರು ತೋರಿಸಲಿ.

ಬೇಕಲ ನೋಡಲು ಬರುವ ವಿದೇಶಿಯರಿಗೆ ಕೊಡುವುದಾದರೆ ದಾರಿಯೇ ಬೇರೆ. ಅವರು ಬಂದ 24 ಗಂಟೆಯೊಳಗೆ, ಕೋಣೆ ಕೊಟ್ಟವರು ಅವರ ಮಾಹಿತಿಯನ್ನು ಆನ್‌ಲೈನಿನಲ್ಲಿ ಕೊಡಬೇಕು. 2025ರವರೆಗೆ ಇದಕ್ಕೆ ಫಾರ್ಮ್ ಸಿ ಅನ್ನುತ್ತಿದ್ದರು, ಈಗ ಫಾರ್ಮ್ III. ಹೋಟೆಲಿಗೆ ಮಾತ್ರ ಅಲ್ಲ, ಮನೆಗೂ ಇದೇ ನಿಯಮ. ಲಾಗಿನ್ ಮೊದಲೇ ಮಾಡಿಸಿಟ್ಟುಕೊಳ್ಳಿ.

ನಮ್ಮವರಿಗೇ ಕೊಡುತ್ತೇನೆ ಅನ್ನುವ ಯೋಚನೆ ಬಿಡಿ. ನಮ್ಮವರು ಅಂದ ಕೂಡಲೇ ನಾವು ಕಾರ್ಡು ಕೇಳುವುದಿಲ್ಲ. ಗಡಿನಾಡಿನಲ್ಲಿ ಕನ್ನಡ ಕೇಳಿದರೆ ಕರಗುವ ನಮ್ಮ ಈ ಗುಣ ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೇಳುವುದಾದರೆ ಅತ್ತೆಯ ಹಾಗೆ ಊರು, ಮನೆ, ಜಾತ್ರೆ ಎಲ್ಲ ಕೇಳಿ. ಉತ್ತರ ತಪ್ಪಾದರೆ ನನ್ನ ಹಾಗೆ ನಗಬೇಡಿ.

ಕಾರ್ಡು ಕೇಳಿದ್ದಕ್ಕೆ ಮುಖ ಗಂಟಿಕ್ಕಿ ಹೋದವರೂ ಇದ್ದಾರೆ. ಹೋಗಲಿ. ಈಗ ಇರುವುದು ಕೋಟ್ಟಯಂ ಕಡೆಯ ಒಬ್ಬಳು ನರ್ಸ್. ಕನ್ನಡದ ಗಂಧ ಇಲ್ಲ. ಕಾರ್ಡು ಸ್ಕ್ಯಾನ್ ಮಾಡಿಸಿಕೊಂಡಳು, ಆಮೇಲೆ ಮನೆ ನಿಮ್ಮದೇ ಅಂತ ನನಗೆ ಹೇಗೆ ಗೊತ್ತಾಗಬೇಕು ಅಂತ ಕೇಳಿದಳು. ತೆರಿಗೆ ರಸೀದಿ ತಂದು ತೋರಿಸಿದೆ.