ಊಟಕ್ಕೆ ಕೂತಾಗ ಎಲ್ಲರೂ ನಗುತ್ತಾರೆ, ನನಗೊಬ್ಬಳಿಗೆ ಅರ್ಥವಾಗುವುದಿಲ್ಲ

ಪ್ರಶ್ನೆ: ನನ್ನ ತವರು ದಾವಣಗೆರೆ. ಮದುವೆಯಾಗಿ ಉಡುಪಿಗೆ ಬಂದು ಎರಡು ವರ್ಷವಾಯಿತು. ಮನೆಯವರೆಲ್ಲ ತಮ್ಮೊಳಗೆ ತುಳು ಮಾತಾಡುತ್ತಾರೆ. ನನ್ನ ಹತ್ತಿರ ಎರಡು ಮಾತು ಕನ್ನಡ, ಮತ್ತೆ ತುಳು. ಒಮ್ಮೆ ಮಾವನನ್ನು ಊಟಕ್ಕೆ ಕರೆಯಲು ‘ಬಲ’ ಅಂದೆ. ನಾದಿನಿಯರು ಬಿದ್ದು ಬಿದ್ದು ನಕ್ಕರು. ಆಮೇಲೆ ನಾನು ತುಳು ಆಡಿಲ್ಲ. ‘ನೀನು ಸುಮ್ನೆ ಜಾಸ್ತಿ ಯೋಚನೆ ಮಾಡ್ತಿ’ ಅನ್ನುತ್ತಾರೆ ಗಂಡ. ಏನು ಮಾಡಲಿ?

ಉತ್ತರ: ನೀವು ಜಾಸ್ತಿ ಯೋಚನೆ ಮಾಡುತ್ತಿಲ್ಲ. ತನ್ನದೇ ಮನೆಯಲ್ಲಿ ಮಾತು ತಿಳಿಯದೆ ಕೂರುವುದು ದೊಡ್ಡ ಸಂಕಟ.

ಆದರೆ ಅವರು ನಿಮ್ಮನ್ನು ದೂರ ಇಡಲೆಂದೇ ತುಳು ಆಡುತ್ತಿರಲಿಕ್ಕಿಲ್ಲ. ಇಲ್ಲಿನ ಎಷ್ಟೋ ತುಳು ಮನೆಗಳ ಮಕ್ಕಳಿಗೆ ಕನ್ನಡ ಸರಿಯಾಗಿ ಬರುವುದು ಶಾಲೆಗೆ ಹೋದ ಮೇಲೆಯೇ. ಪಾಠ, ಪೇಪರು, ಕಚೇರಿ, ಹೆಚ್ಚಿನ ಯಕ್ಷಗಾನ ಎಲ್ಲ ಕನ್ನಡದಲ್ಲಿ. ಜಗಳ, ತಮಾಷೆ, ಅಡುಗೆಮನೆಯ ಸುದ್ದಿ ತುಳುವಿನಲ್ಲಿ. ಪೇಟೆಯಲ್ಲಿ ಕೊಂಕಣಿ, ಬ್ಯಾರಿ ಮನೆಮಾತಿನವರೂ ತುಳು ಆಡುವುದನ್ನು ನೀವೇ ಕೇಳಿರುತ್ತೀರಿ. ಹಾಗಾಗಿ ನಗು ಬಂದ ಕೂಡಲೇ ನಾಲಗೆ ತಾನಾಗಿ ಆ ಕಡೆ ಹೊರಳುತ್ತದೆ.

ನಿಮ್ಮಿಂದಾದ ತಪ್ಪು ತೀರಾ ಚಿಕ್ಕದು. ಕಿರಿಯರಿಗೆ ‘ಬಲ’, ಹಿರಿಯರಿಗೆ ‘ಬಲೆ’. ‘ಕುಲ್ಲು’ (ಕೂತ್ಕೋ), ‘ಕುಲ್ಲುಲೆ’ (ಕೂತ್ಕೊಳ್ಳಿ) ಕೂಡ ಹಾಗೆಯೇ. ಸದ್ಯಕ್ಕೆ ಗೌರವದ ಮಾತುಗಳನ್ನಷ್ಟೇ ಕಲಿಯಿರಿ. ‘ಈ’ (ನೀನು) ಬೇಡ, ಎಲ್ಲರಿಗೂ ‘ಈರ್’ (ನೀವು) ಅನ್ನಿ. ಚಿಕ್ಕವರಿಗೆ ಹಾಗೆ ಅಂದರೂ ಯಾರಿಗೂ ಬೇಸರವಾಗುವುದಿಲ್ಲ.

ಕಲಿಯಲು ಊಟದ ಹೊತ್ತು ಸರಿಯಲ್ಲ. ಅಲ್ಲಿ ನಾಲ್ಕು ಜನ ಒಟ್ಟಿಗೆ ಮಾತಾಡುತ್ತಾರೆ, ಹೊಸಬರಿಗೆ ಯಾವುದೂ ಕಿವಿಗೆ ಹತ್ತುವುದಿಲ್ಲ. ಅತ್ತೆ ಒಬ್ಬರೇ ಕಾಯಿ ತುರಿಯುತ್ತಿರುವಾಗ ಹತ್ತಿರ ಕೂತು ಮಾತಾಡಿಸಿ. ಮೀನು ತಿನ್ನುವ ಮನೆಯಾದರೆ, ಮಾರಲು ಬರುವ ಅಮ್ಮನ ಹತ್ತಿರ ಬಂಗುಡೆ, ಬೂತಾಯಿಯ ರೇಟನ್ನು ತುಳುವಿನಲ್ಲೇ ಕೇಳಿ. ಒಬ್ಬರೇ ಎದುರಿಗಿದ್ದಾಗ ತಪ್ಪಿದರೆ ನಾಚಿಕೆಯೂ ಕಡಿಮೆ.

ಇನ್ನು ನಿಮ್ಮ ಗಂಡ. ಅವರು ಎರಡೂ ಭಾಷೆ ಬಲ್ಲವರು, ಹಾಗಾಗಿ ಹೆಚ್ಚಿನ ಹೊಣೆ ಅವರದ್ದೇ. ಈ ಉತ್ತರವನ್ನು ಅವರಿಗೆ ಓದಿ ಹೇಳಿ. ಎಲ್ಲರೂ ನಕ್ಕಾಗ ವಿಷಯ ಏನೆಂದು ಅವರು ಅಲ್ಲೇ ನಿಮಗೆ ತಿಳಿಸಬೇಕು, ‘ಆಮೇಲೆ ಹೇಳ್ತೇನೆ’ ಅಂದರೆ ಆಗುವುದಿಲ್ಲ. ತಂಗಿಯರನ್ನು ಕರೆದು ಮಾತಾಡಬೇಕಾದವರೂ ಅವರೇ. ಹೊಸ ಭಾಷೆ ಆಡಲು ಹೊರಟವರನ್ನು ನೋಡಿ ನಕ್ಕರೆ ಅವರು ಬಾಯಿ ಮುಚ್ಚುತ್ತಾರೆ. ನಿಮಗೆ ಆದದ್ದೂ ಅದೇ ಅಲ್ವಾ?

ದಾವಣಗೆರೆಯ ನಿಮ್ಮ ಮಾತಿನ ಧಾಟಿಯನ್ನು ಮಾತ್ರ ಬಿಡಬೇಡಿ. ಮುಂದೆ ಮಕ್ಕಳಾದರೆ ಅವರಿಗೆ ಎರಡೂ ಸಿಗಲಿ.

ಅಷ್ಟಾದ ಮೇಲೂ ನಾದಿನಿಯರು ನಕ್ಕರೆ ನೀವೇ ಕನ್ನಡದಲ್ಲಿ ನೇರವಾಗಿ ಹೇಳಿ: ‘ನಗಬೇಡಿ, ಹೇಗೆ ಹೇಳಬೇಕು ಅಂತ ಹೇಳಿಕೊಡಿ.’